ಮಂಡಿನೋವಿಗೆ ಮನೆಯ ವ್ಯಾಯಾಮ: ಹಾಸಿಗೆಯೋ, ಕುರ್ಚಿಯೋ, ಮೆಟ್ಟಿಲೋ, ವಾಕಿಂಗೋ?

ಮುಂಬೈಯಲ್ಲಿ ಮಂಡಿನೋವಿನ ಮಾತು ಎತ್ತಿದರೆ ಸಲಹೆಗೆ ಬರವಿಲ್ಲ. ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದವರಿಗೆ ಘಾಟ್ಕೋಪರ್ ಬರುವಷ್ಟರಲ್ಲಿ ನಾಲ್ಕು ಚಿಕಿತ್ಸೆ ಸಿಕ್ಕಿರುತ್ತವೆ. ಒಬ್ಬರು ದಿನಾ ಒಂದು ಗಂಟೆ ನಡೆಯಿರಿ ಎನ್ನುತ್ತಾರೆ. ಎದುರು ಸೀಟಿನವರು ಅಯ್ಯೋ, ನಡೆದರೆ ಇನ್ನೂ ಸವೆಯುತ್ತೆ, ಸುಮ್ನೆ ರೆಸ್ಟ್ ತಗೊಳ್ಳಿ ಎನ್ನುತ್ತಾರೆ. ಕಿಟಕಿ ಪಕ್ಕದವರ ಬಳಿ ಊರಿನಿಂದ ತರಿಸಿದ ಎಣ್ಣೆ ಇದೆ. ನಿಂತವರ ಬಳಿ ಯೋಗ ಕ್ಲಾಸಿನ ನಂಬರ್ ಇದೆ. ಎಲ್ಲರದ್ದೂ ಒಳ್ಳೆಯ ಮನಸ್ಸೇ. ಆದರೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ನಿಮ್ಮ ಮಂಡಿ ತಕರಾರು ಮಾಡುವುದು ಯಾವ ಕೆಲಸಕ್ಕೆ?

ಕೂತಲ್ಲಿಂದ ಏಳುವುದಕ್ಕೋ? ಸ್ಟೇಷನ್ನಿನ ಬ್ರಿಜ್ ಇಳಿಯುವುದಕ್ಕೋ? ನೆಲದ ಮೇಲೆ ಕೂರುವುದಕ್ಕೋ? ಅರ್ಧ ಕಿಲೋಮೀಟರ್ ನಡೆದ ಮೇಲೋ? ವ್ಯಾಯಾಮ ಆರಿಸಬೇಕಾದದ್ದು ಇದರ ಮೇಲೆ. ಇನ್ನೊಂದು ವಿಷಯವೂ ಇದೆ, ಅದನ್ನು ಮುಂಬೈಯವರು ಮರೆಯುವ ಹಾಗಿಲ್ಲ. ನಿಮ್ಮ ಮನೆಯಲ್ಲಿ ಕಾಲು ಚಾಚಿ ಮಲಗಲು ಎಷ್ಟು ಜಾಗ ಇದೆ? ಯೂಟ್ಯೂಬಿನಲ್ಲಿ ತೋರಿಸುವವರ ಹಾಲ್‌ನಲ್ಲಿ ನಮ್ಮ ಇಡೀ ಖೋಲಿ ಹಿಡಿಸುತ್ತದೆ.

ಇದು ಯಾರ ಮಂಡಿಗೆ, ಯಾರದ್ದಕ್ಕಲ್ಲ

ನಲವತ್ತೈದು ದಾಟಿದವರಲ್ಲಿ ಓಡಾಡಿದಾಗ ಬರುವ ನೋವು, ಬೆಳಿಗ್ಗೆ ಎದ್ದಾಗ ಬಿಗಿದುಕೊಂಡು ಅರ್ಧ ಗಂಟೆಯೊಳಗೆ ಸಡಿಲವಾಗುವ ಮಂಡಿ. ಇದು ಹೆಚ್ಚಾಗಿ ಸವೆತ. ಡಾಕ್ಟರರು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ಇನ್ನೊಂದು ಬಗೆ ಮಂಡಿಚಿಪ್ಪಿನ ಸುತ್ತ ಬರುವ ನೋವು. ಇದು ಚಿಕ್ಕ ವಯಸ್ಸಿನವರಲ್ಲೂ ಸಾಮಾನ್ಯ. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತಾಗ, ಬಸ್ಸಿನಲ್ಲಿ ಮಂಡಿ ಮಡಚಿ ಎರಡು ಗಂಟೆ ಕೂತು ಎದ್ದಾಗ ಜಾಸ್ತಿ. ಈ ಎರಡಕ್ಕೂ ಮನೆಯ ವ್ಯಾಯಾಮ ಒಗ್ಗುತ್ತದೆ.

ಆದರೆ ಮಂಡಿ ಕೆಂಪಾಗಿ ಬಿಸಿಯಾಗಿ ಊದಿದ್ದು ಜೊತೆಗೆ ಜ್ವರ ಇದ್ದರೆ ವ್ಯಾಯಾಮದ ಮಾತು ಬೇಡ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಮಳೆಯಲ್ಲಿ ಪ್ಲಾಟ್‌ಫಾರ್ಮ್ ಮೇಲೆ ಜಾರಿ ಬಿದ್ದು ಕಾಲೂರಲು ಆಗದಿದ್ದರೂ ಅಷ್ಟೇ. ಮಂಡಿ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ನೆಟ್ಟಗಾಗದಿದ್ದರೆ, ನಡೆಯುವಾಗ ಇದ್ದಕ್ಕಿದ್ದಂತೆ ಕುಸಿದರೆ, ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ ಕೂಡ ಮೊದಲು ಡಾಕ್ಟರ್. ಬೆಳಗಿನ ಬಿಗಿತ ಒಂದು ಗಂಟೆ ದಾಟಿದರೆ, ಬೆರಳ ಗೆಣ್ಣುಗಳೂ ಊದಿದ್ದರೆ ಅದು ಬೇರೆ ಬಗೆಯ ಸಂಧಿವಾತ ಇರಬಹುದು. ರಕ್ತ ಪರೀಕ್ಷೆ ಬೇಕು. ಮಳೆಗಾಲದಲ್ಲಿ ಜ್ವರ ಬಂದು ಹೋದ ಮೇಲೆ ಕೀಲುಗಳೆಲ್ಲ ಹಿಡಿದುಕೊಂಡರೆ ಚಿಕೂನ್‌ಗುನ್ಯಾ ಇರಬಹುದು, ಅದನ್ನೂ ಕೇಳಿ ನೋಡಿ.

ಎಕ್ಸ್‌ರೇ ಬಗ್ಗೆ ಒಂದು ಮಾತು. ಫಿಲ್ಮ್ ನೋಡಿ ಎದೆ ಒಡೆದುಕೊಳ್ಳಬೇಡಿ. ಎಕ್ಸ್‌ರೇಯಲ್ಲಿ ಸವೆತ ಜೋರಾಗಿ ಕಾಣುವ ಎಷ್ಟೋ ಜನ ಆರಾಮಾಗಿ ಓಡಾಡುತ್ತಾರೆ. ಫಿಲ್ಮಿನಲ್ಲಿ ಏನೂ ಇಲ್ಲದವರು ನೋವಿನಿಂದ ಕುಂಟುತ್ತಾರೆ. ಮಂಡಿ ಮಡಚಿದಾಗ ಕಟಕಟ ಸದ್ದು ಬಂದರೂ ನೋವು, ಊತ ಇಲ್ಲದಿದ್ದರೆ ಅದಕ್ಕೆ ಹೆದರಬೇಕಾಗಿಲ್ಲ.

"ಗ್ರೀಸ್ ಖಾಲಿಯಾಗಿದೆ" ಅನ್ನುವ ಮಾತನ್ನೂ ಕೇಳಿರುತ್ತೀರಿ. ಮೂಳೆಯ ತುದಿಗೆ ನುಣುಪಾದ ಒಂದು ಹೊದಿಕೆ ಇರುತ್ತದೆ, ಕಾರ್ಟಿಲೇಜ್. ಅದಕ್ಕೆ ರಕ್ತನಾಳ ಇಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಊಟ. ಭಾರ ಬಿದ್ದು ಬಿಟ್ಟಾಗ, ಸ್ಪಂಜನ್ನು ನೀರಲ್ಲಿ ಹಿಂಡಿ ಬಿಟ್ಟ ಹಾಗೆ, ದ್ರವ ಒಳಗೆ ಹೋಗಿ ಬರುತ್ತದೆ. ಅಂದರೆ ಮಂಡಿಯನ್ನು ಅಲ್ಲಾಡಿಸದೆ ಇಟ್ಟರೆ ಉಳಿತಾಯ ಏನೂ ಆಗುವುದಿಲ್ಲ. ತೊಡೆಯ ಸ್ನಾಯು ಬೇರೆ ಸೊರಗುತ್ತದೆ. ಆಗ ಇಡೀ ಭಾರ ಕೀಲಿನ ಮೇಲೆಯೇ ಬೀಳುತ್ತದೆ.

ಹಾಸಿಗೆಯ ವ್ಯಾಯಾಮ: ನೋವು ಜೋರಿದ್ದಾಗ

ನಿಂತರೆ ನೋವು, ಎದ್ದರೆ ನೋವು ಅನ್ನುವ ಹಂತದಲ್ಲಿ ಮೊದಲು ಇದು. ಕೀಲಿನ ಮೇಲೆ ದೇಹದ ಭಾರ ಬೀಳದೆ ತೊಡೆಗೆ ಕೆಲಸ ಸಿಗುತ್ತದೆ ಅನ್ನುವುದೇ ಇದರ ಲಾಭ.

ಒಂದು ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗೆ ಇಡಿ. ಮಂಡಿಯಿಂದ ಟವೆಲನ್ನು ಕೆಳಕ್ಕೆ ಒತ್ತಿ. ತೊಡೆಯ ಮುಂಭಾಗ ಗಟ್ಟಿಯಾಗುವುದು ಕೈಯಿಟ್ಟರೆ ತಿಳಿಯುತ್ತದೆ. ಐದು ಎಣಿಸಿ ಬಿಡಿ. ಹತ್ತು ಸಲ. ಇದು ಟಿವಿ ನೋಡುತ್ತಲೂ ಆಗುವ ಕೆಲಸ.

ಎರಡನೆಯದು ಕಾಲು ಎತ್ತುವುದು. ನೋಯದ ಕಾಲನ್ನು ಮಡಚಿ ಪಾದ ಊರಿ. ನೋಯುವ ಕಾಲಿನ ತೊಡೆಯನ್ನು ಮೊದಲು ಬಿಗಿ ಮಾಡಿ, ಆಮೇಲೆ ಎತ್ತಿ. ಈ ಕ್ರಮವನ್ನು ಜನ ಬಿಟ್ಟುಬಿಡುತ್ತಾರೆ. ಬಿಗಿ ಮಾಡದೆ ಎತ್ತಿದರೆ ಕೆಲಸವೆಲ್ಲ ಸೊಂಟದ ಹತ್ತಿರ ಮುಗಿಯುತ್ತದೆ, ತೊಡೆಗೆ ಏನೂ ಸಿಗುವುದಿಲ್ಲ. ಆಚೆಯ ಮಂಡಿಯ ಎತ್ತರದ ತನಕ ಎತ್ತಿದರೆ ಸಾಕು, ಸೀಲಿಂಗ್ ಮುಟ್ಟಬೇಕಿಲ್ಲ. ಐದು ಎಣಿಸಿ, ನಿಧಾನಕ್ಕೆ ಇಳಿಸಿ. ಧಪ್ಪನೆ ಬಿಟ್ಟರೆ ಅರ್ಧ ವ್ಯಾಯಾಮ ಹೋಯಿತು.

ಇದರ ಜೊತೆಗೆ ಹಿಮ್ಮಡಿಯನ್ನು ಹಾಸಿಗೆ ಮೇಲೆಯೇ ಜಾರಿಸುತ್ತ ಪೃಷ್ಠದ ಕಡೆ ಎಳೆದು ಮತ್ತೆ ಚಾಚುವುದು. ಮಂಡಿ ಮಡಚಲು ಬಿಗಿ ಇರುವವರಿಗೆ ಇದು ಬೇಕು. ಎಷ್ಟು ಬರುತ್ತದೋ ಅಷ್ಟೇ, ಬಲವಂತ ಬೇಡ.

ಇಲ್ಲೊಂದು ತೊಡಕಿದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಾಸಿಗೆ ಅಂದರೆ ನೆಲದ ಮೇಲೆ ಹಾಸುವ ಗಾದಿ. ಮಂಡಿನೋವಿನವರಿಗೆ ನೆಲಕ್ಕೆ ಇಳಿದು ಏಳುವುದೇ ಇಡೀ ದಿನದ ದೊಡ್ಡ ಕಷ್ಟ. ವ್ಯಾಯಾಮಕ್ಕೆ ಅಂತ ದಿನಕ್ಕೆ ಎರಡು ಸಲ ಕೆಳಗೆ ಇಳಿಯಿರಿ ಅಂದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ದಿವಾನ್ ಇದ್ದರೆ ಅದರ ಮೇಲೆ ಮಾಡಿ. ಅದೂ ಇಲ್ಲದಿದ್ದರೆ ಬೆಳಿಗ್ಗೆ ಏಳುವ ಮೊದಲು ಒಮ್ಮೆ, ರಾತ್ರಿ ಮಲಗಿದ ಮೇಲೆ ಒಮ್ಮೆ. ಹೇಗೂ ಕೆಳಗೆ ಇರುತ್ತೀರಲ್ಲ. ನಡುವೆ ಬೇಡ.

ಹಾಸಿಗೆಯ ವ್ಯಾಯಾಮಕ್ಕೆ ಒಂದು ಮಿತಿಯೂ ಇದೆ. ಮಲಗಿ ಕಾಲೆತ್ತಲು ಕಲಿತ ತೊಡೆ ಕುರ್ಚಿಯಿಂದ ಏಳಲು ತಾನೇ ಕಲಿಯುವುದಿಲ್ಲ. ವರ್ಷಗಟ್ಟಲೆ ಟವೆಲ್ ಒತ್ತುತ್ತಲೇ ಇರುವವರಿದ್ದಾರೆ. ಹತ್ತು ಹತ್ತರಂತೆ ಮೂರು ಸಲ ಕಾಲೆತ್ತುವುದು ಆರಾಮಾಗಿ ಆಯಿತು ಅಂದರೆ ಅಲ್ಲಿಂದ ಹೊರಡಿ.

ಕುರ್ಚಿ: ನನ್ನ ಓಟು ಇದಕ್ಕೆ

ಎಲ್ಲದರಲ್ಲೂ ಒಂದೇ ಆರಿಸಿ ಅಂದರೆ ನಾನು ಕುರ್ಚಿಯನ್ನು ಆರಿಸುತ್ತೇನೆ. ಜಾಗ ಬೇಡ, ಖರ್ಚಿಲ್ಲ, ಬಟ್ಟೆ ಬದಲಿಸಬೇಕಿಲ್ಲ. ಸೀರೆಯಲ್ಲೂ ಆಗುತ್ತದೆ, ಲುಂಗಿಯಲ್ಲೂ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇದು ವ್ಯಾಯಾಮವೂ ಹೌದು, ದಿನದ ಕೆಲಸವೂ ಹೌದು. ರೈಲಿನ ಸೀಟಿನಿಂದ, ಕಮೋಡಿನಿಂದ, ರಿಕ್ಷಾದಿಂದ ಏಳುವುದೂ ಇದೇ ತಾನೇ?

ಮಾಟುಂಗದ ಕಡೆಯ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ಆಯುಷ್ಯವೆಲ್ಲ ನಿಂತ ಒಬ್ಬರನ್ನು ನಾನು ಬಲ್ಲೆ. ಉಡುಪಿ ಕಡೆಯವರು. ಅವರು ಕುರ್ಚಿಯಿಂದ ಏಳುವುದನ್ನು ನೋಡಬೇಕು. ಎರಡೂ ಅಂಗೈ ತೊಡೆಯ ಮೇಲೆ ಊರಿ, ಉಸಿರು ಬಿಗಿಹಿಡಿದು, ಹಿಂದೆ ಮುಂದೆ ಎರಡು ಸಲ ತೂಗಿ, ಮೂರನೇ ಸಲಕ್ಕೆ ಎಳೆದುಕೊಂಡು ನಿಲ್ಲುತ್ತಿದ್ದರು. ಕೂರುವಾಗಲಂತೂ ಕೂರುವುದೇ ಇಲ್ಲ, ಬೀಳುವುದು. ದಿನಕ್ಕೆ ಹತ್ತು ಗಂಟೆ ನಿಂತ ಕಾಲು ಗಟ್ಟಿ ಇರಬೇಕು ಅಂತ ನಮಗೆ ಅನಿಸುತ್ತದೆ. ಆದರೆ ಒಂದೇ ಕಡೆ ನಿಲ್ಲುವುದರಿಂದ ತೊಡೆಗೆ ಬಲ ಬರುವುದಿಲ್ಲ. ಮಂಡಿಯನ್ನು ಹಿಂದಕ್ಕೆ ಲಾಕ್ ಮಾಡಿ ನಿಂತುಬಿಡುತ್ತೇವೆ, ಸ್ನಾಯುವಿಗೆ ಕೆಲಸವೇ ಇರುವುದಿಲ್ಲ. ಅವರಿಗೆ ಫಿಸಿಯೋಥೆರಪಿಸ್ಟ್ ಮೊದಲು ಹೇಳಿಕೊಟ್ಟದ್ದು ಏಳುವುದನ್ನಲ್ಲ, ಕೂರುವುದನ್ನು.

ಕ್ರಮ ಹೀಗೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ನಮ್ಮ ಲಾದಿಯ, ಅಂದರೆ ನೆಲದ ಟೈಲ್ಸಿನ, ಮೇಲೆ ಹಿಂದಕ್ಕೆ ಜಾರುತ್ತದೆ, ಗೋಡೆ ಇಲ್ಲದೆ ಮಾಡಲೇಬೇಡಿ. ಕುರ್ಚಿಯ ಅಂಚಿನ ಕಡೆ ಬನ್ನಿ. ಪಾದ ಎರಡೂ ನೆಲಕ್ಕೆ ಪೂರ್ತಿ ಊರಿರಲಿ, ಮಂಡಿಗಿಂತ ಸ್ವಲ್ಪ ಹಿಂದೆ. ಕೈ ಎದೆಗೆ ಕಟ್ಟಿ. ಈಗ ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ. ಆಗ ಪೃಷ್ಠ ತಾನಾಗಿ ಹಗುರಾಗುತ್ತದೆ. ಎದ್ದು ನಿಲ್ಲಿ. ಮಂಡಿ ಒಳಗಡೆ ಒಂದಕ್ಕೊಂದು ತಾಗುವ ಹಾಗೆ ವಾಲುತ್ತಿದೆಯಾ ನೋಡಿಕೊಳ್ಳಿ. ಎರಡನೇ ಬೆರಳಿನ ನೇರದಲ್ಲಿ ಇರಬೇಕು.

ಇನ್ನು ಕೂರುವುದು. ಒಂದು, ಎರಡು, ಮೂರು ಎಂದು ಎಣಿಸುತ್ತ ಇಳಿಯಿರಿ. ಕುರ್ಚಿಗೆ ತಾಗುವಾಗ ಸದ್ದು ಬರಬಾರದು. ಈ ಇಳಿಯುವ ಮೂರು ಎಣಿಕೆಯಲ್ಲಿ ತೊಡೆ ಉರಿಯುತ್ತದೆ ನೋಡಿ, ಅಲ್ಲಿಯೇ ಇರುವುದು ಲಾಭ. ಬ್ರಿಜ್ ಇಳಿಯುವಾಗ ನಿಮ್ಮನ್ನು ಹಿಡಿದುಕೊಳ್ಳುವುದು ಇದೇ ಶಕ್ತಿ.

ಆಗುವುದೇ ಇಲ್ಲ ಅನ್ನುವವರು ಕುರ್ಚಿಯ ಮೇಲೆ ದಪ್ಪ ದಿಂಬು, ಮಡಚಿದ ಚಾದರ ಹಾಕಿ ಎತ್ತರ ಮಾಡಿಕೊಳ್ಳಿ. ಎತ್ತರ ಜಾಸ್ತಿಯಾದಷ್ಟೂ ಮಂಡಿಗೆ ಸುಲಭ. ಎರಡು ವಾರಕ್ಕೊಮ್ಮೆ ಒಂದೊಂದು ಮಡಿಕೆ ತೆಗೆಯುತ್ತ ಬನ್ನಿ. ಎಂಟರಿಂದ ಹತ್ತು ಸಲ, ಒಂದು ನಿಮಿಷ ಬಿಡುವು, ಮತ್ತೆ ಅಷ್ಟೇ. ವಾರದಲ್ಲಿ ಮೂರು ನಾಲ್ಕು ದಿನ ಮಾಡಿದರೆ ಸಾಕು, ಸ್ನಾಯುವಿಗೂ ರಜೆ ಬೇಕು.

ಎಲ್ಲಿದ್ದೇವೆ ಅಂತ ಅಳೆಯಲು ಒಂದು ಪರೀಕ್ಷೆ ಇದೆ. 17 ಇಂಚು ಎತ್ತರದ ಕುರ್ಚಿ, ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ? ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ, ಹಿರಿಯರು ಬೀಳುವುದನ್ನು ತಡೆಯಲು ಇದನ್ನೇ ಬಳಸುತ್ತದೆ. ಅವರ ಪಟ್ಟಿಯಲ್ಲಿ 60ರಿಂದ 64 ವಯಸ್ಸಿನ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಅದು ಸರಾಸರಿಗಿಂತ ಕೆಳಗೆ. 65ರಿಂದ 69ಕ್ಕೆ 12 ಮತ್ತು 11. ಕಡಿಮೆ ಬಂದರೆ ಬೇಜಾರು ಬೇಡ. ಆ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ಎಣಿಸಿ. ನೋವು ಕಡಿಮೆಯಾಗಿದೆಯೋ ಇಲ್ಲವೋ ಅಂತ ಮನಸ್ಸು ಗೊಂದಲ ಮಾಡುತ್ತದೆ, ಅಂಕಿ ಮಾಡುವುದಿಲ್ಲ.

ಏಳುವುದೇ ಕಷ್ಟ ಆದ ದಿನ ಕೂತಲ್ಲೇ ಒಂದು ಕಾಲನ್ನು ನೇರ ಚಾಚಿ, ಪಾದವನ್ನು ನಿಮ್ಮ ಕಡೆ ಎಳೆದು ಐದು ಎಣಿಸಿ. ಆಫೀಸಿನಲ್ಲೂ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಗೋಡೆ ಮತ್ತು ಮೆಟ್ಟಿಲು

ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಜಾರಿ ನಿಲ್ಲುವ ವ್ಯಾಯಾಮವನ್ನು ಎಲ್ಲರೂ ತೋರಿಸುತ್ತಾರೆ. ಒಳ್ಳೆಯದೇ. ಆದರೆ ನಮ್ಮವರು ಕುರ್ಚಿಯಲ್ಲಿ ಕೂತಷ್ಟು ಕೆಳಗೆ ಇಳಿದು ಸಾಧನೆ ತೋರಿಸಲು ಹೋಗುತ್ತಾರೆ. ಮಂಡಿ ಹೆಚ್ಚು ಮಡಚಿದಷ್ಟೂ ಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ಮಂಡಿಚಿಪ್ಪಿನ ನೋವಿನವರು ಒಂದು ಗೇಣು ಇಳಿದರೆ ಬೇಕಾದಷ್ಟಾಯಿತು. ಕುರ್ಚಿ ಚೆನ್ನಾಗಿ ಬರುತ್ತಿದ್ದರೆ ಗೋಡೆ ಇಲ್ಲದೆಯೂ ನಡೆಯುತ್ತದೆ.

ಮೆಟ್ಟಿಲಿನ ವಿಷಯ ಬೇರೆ. ಈ ಊರಿನಲ್ಲಿ ಮೆಟ್ಟಿಲಿನಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಹಳೆಯ ಚಾಳುಗಳಲ್ಲಿ, ನಾಲ್ಕು ಮಾಳಿಗೆಯ ಬಿಲ್ಡಿಂಗುಗಳಲ್ಲಿ ಲಿಫ್ಟ್ ಇಲ್ಲ. ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಇದ್ದರೂ ಹೆಚ್ಚಾಗಿ ಮೇಲೆ ಹೋಗುವುದಕ್ಕೆ, ಇಳಿಯಲು ಮೆಟ್ಟಿಲೇ. ಮಂಡಿಗೆ ಜಾಸ್ತಿ ಭಾರ ಬೀಳುವುದೂ ಇಳಿಯುವಾಗಲೇ. ಒಳಗೆ ಅಳತೆಯ ಯಂತ್ರ ಇರುವ ಕೃತಕ ಮಂಡಿಗಳನ್ನು ರೋಗಿಗಳಿಗೆ ಹಾಕಿ ಸಂಶೋಧಕರು ಅಳೆದು ನೋಡಿದ್ದಾರೆ. ಸಮ ನೆಲದ ಮೇಲೆ ನಡೆಯುವಾಗ ಕೀಲಿನ ಮೇಲೆ ದೇಹದ ತೂಕದ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಮೆಟ್ಟಿಲು ಹತ್ತುವಾಗ ಮೂರು ಪಟ್ಟು ದಾಟುತ್ತದೆ, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಹತ್ತಲು ಆಗುತ್ತೆ, ಇಳಿಯಲು ಆಗಲ್ಲ ಅಂತ ನಿಮ್ಮ ತಾಯಿ ಹೇಳಿದರೆ ಅದು ಸುಮ್ನೆ ಹೇಳುವ ಮಾತಲ್ಲ.

ನೋವಿದ್ದ ದಿನಗಳಲ್ಲಿ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಒಂದೊಂದು ಮೆಟ್ಟಿಲಿಗೆ ಎರಡೂ ಪಾದ ತನ್ನಿ. ಕಂಬಿ ಇರುವ ಕಡೆ ಹಿಡಿಯಿರಿ. ದಾದರ್ ಬ್ರಿಜ್ ಮೇಲೆ ಸಂಜೆ ಆರೂವರೆಗೆ ಇದು ಸಾಧ್ಯವೇ ಅಂತ ಕೇಳಬಹುದು. ಸಾಧ್ಯವಿಲ್ಲ. ಎರಡು ರೈಲಿನ ಜನ ಇಳಿದು ಹೋಗುವ ತನಕ ಬೆಂಚಿನ ಮೇಲೆ ಕೂತಿರಿ, ಹತ್ತು ನಿಮಿಷ ತಡವಾದರೆ ಆಕಾಶ ಬೀಳುವುದಿಲ್ಲ.

ಮೆಟ್ಟಿಲನ್ನೇ ವ್ಯಾಯಾಮ ಮಾಡಿಕೊಳ್ಳುವುದು ಕುರ್ಚಿ ಪಳಗಿದ ಮೇಲೆ. ಬಿಲ್ಡಿಂಗಿನ ಕೊನೆಯ ಮೆಟ್ಟಿಲು ಸಾಕು. ಕಂಬಿ ಹಿಡಿದು ನೋಯುವ ಕಾಲನ್ನು ಮೇಲಿಡಿ, ಅದರ ಬಲದಿಂದಲೇ ದೇಹವನ್ನು ಎತ್ತಿ, ಕೆಳಗಿನ ಪಾದದಿಂದ ನೂಕಬೇಡಿ. ನಿಧಾನಕ್ಕೆ ಇಳಿಯಿರಿ. ಎಂಟು ಸಲ. ನಿಮಗೆ ಬ್ರಿಜ್ ಇಳಿಯುವುದೇ ಮುಖ್ಯ ಕಷ್ಟ ಅಂತಾದರೆ ಕೊನೆಗೆ ಇಲ್ಲಿಗೆ ಬರಲೇಬೇಕು, ಹಾಸಿಗೆಯಲ್ಲಿ ನಿಂತುಬಿಡಬೇಡಿ.

ಸೊಂಟದ ಪಕ್ಕದ ಸ್ನಾಯುವನ್ನೂ ಮರೆಯಬೇಡಿ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸುವುದು, ಇಲ್ಲವೇ ಅಡುಗೆ ಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಚಾಚುವುದು. ಮಂಡಿ ಒಳಗೆ ವಾಲುವವರಿಗೆ ಇದು ತುಂಬಾ ಬೇಕು. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಎರಡೂ ಕಾಲಿನದ್ದು ಮುಗಿಯುತ್ತದೆ.

ನಡೆಯುತ್ತೇನಲ್ಲ, ಸಾಲದಾ?

ಇದು ಮುಂಬೈಯವರ ಮಾಮೂಲಿ ಪ್ರಶ್ನೆ. ಮನೆಯಿಂದ ಸ್ಟೇಷನ್, ಸ್ಟೇಷನ್ನಿನಿಂದ ಆಫೀಸು, ವಾಪಸ್. ಹೌದು, ನಡಿಗೆಯಿಂದ ಮಂಡಿನೋವು ಕಡಿಮೆಯಾಗುತ್ತದೆ, ಅದಕ್ಕೆ ಸಾಕಷ್ಟು ಆಧಾರ ಇದೆ. ಆದರೆ ಒಂದು ಕೈಯಲ್ಲಿ ತರಕಾರಿ ಚೀಲ, ಹೆಗಲಿಗೆ ಬ್ಯಾಗು, ಹೊಂಡ ತಪ್ಪಿಸುತ್ತ, 8.12ರ ಲೋಕಲ್ ಹಿಡಿಯಲು ಓಡುವುದು ಆ ನಡಿಗೆಯಲ್ಲ. ಒಂದೇ ಲಯದಲ್ಲಿ, ಸಮ ನೆಲದ ಮೇಲೆ, ಕೈ ಖಾಲಿ ಬಿಟ್ಟು ನಡೆಯಬೇಕು. ಮಾಟುಂಗದವರಿಗೆ ಫೈವ್ ಗಾರ್ಡನ್ಸ್ ಇದೆ, ದಾದರಿನವರಿಗೆ ಶಿವಾಜಿ ಪಾರ್ಕಿನ ಸುತ್ತು. ಮರೀನ್ ಡ್ರೈವಿನ ಕಟ್ಟೆಯ ಪಕ್ಕ ಮೂರೂವರೆ ಕಿಲೋಮೀಟರಿನಷ್ಟು ಏರಿಳಿತವಿಲ್ಲದ ದಾರಿ. ಉಪನಗರದವರು ಸೊಸೈಟಿಯ ಕಾಂಪೌಂಡಿನಲ್ಲೇ ಸುತ್ತು ಹಾಕಬಹುದು, ಹಾಗೆ ಮಾಡಿದರೆ ಅರ್ಧದಷ್ಟು ಸುತ್ತುಗಳು ಎಡದಿಂದ, ಉಳಿದರ್ಧ ಬಲದಿಂದ.

ಹತ್ತು ನಿಮಿಷದಿಂದ ಶುರು ಮಾಡಿ. ವಾರಕ್ಕೆ ಎರಡು ಮೂರು ನಿಮಿಷ ಸೇರಿಸಿ. ಹೆಚ್ಚು ನೋಯುವವರು ಕೋಲು ಹಿಡಿಯಬಹುದು. ಅದನ್ನು ನೋಯುವ ಮಂಡಿಯ ಎದುರು ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋವಾದರೆ ಎಡಗೈಯಲ್ಲಿ. ನೋವಿನ ಕಡೆಯೇ ಹಿಡಿದು ವಾಲುತ್ತ ಹೋಗುವವರೇ ಜಾಸ್ತಿ ಕಾಣುತ್ತಾರೆ.

ಕುರ್ಚಿಗೂ ನಡಿಗೆಗೂ ಹೋಲಿಸಿದರೆ? ಕೂತು ಏಳುವುದು, ಮೆಟ್ಟಿಲು ನಿಮ್ಮ ಕಷ್ಟವಾದರೆ ಕುರ್ಚಿ ಮೊದಲು. ಸ್ವಲ್ಪ ದೂರ ಹೋದರೆ ನೋವು, ದಮ್ಮು, ತೂಕವೂ ಜಾಸ್ತಿ ಅಂತಾದರೆ ನಡಿಗೆಗೆ ತೂಕ ಕೊಡಿ, ಕುರ್ಚಿಯನ್ನು ಜೊತೆಗೆ ಇಟ್ಟುಕೊಳ್ಳಿ. ತೂಕದ ಲೆಕ್ಕ ನೋಡಿ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವರು ಹೆಜ್ಜೆಹೆಜ್ಜೆಗೂ ಇಪ್ಪತ್ತು ಕಿಲೋ ಅಕ್ಕಿ ಮೂಟೆ ಇಳಿಸಿದ ಲೆಕ್ಕ.

ನಡೆದರೆ ನೋವು ತಡೆಯಲಾಗದವರಿಗೆ ಈಜುಕೊಳ ಒಳ್ಳೆಯದು. ಈಜು ಬರಬೇಕಿಲ್ಲ, ಎದೆಮಟ್ಟದ ನೀರಿನಲ್ಲಿ ನಡೆದರೂ ಸಾಕು, ಭಾರವನ್ನು ನೀರು ಹೊರುತ್ತದೆ. ಶಿವಾಜಿ ಪಾರ್ಕಿನ ಮಹಾತ್ಮ ಗಾಂಧಿ ಈಜುಕೊಳದಂತೆ ಪಾಲಿಕೆಯ ಕೊಳಗಳಿವೆ. ಆದರೆ ಸದಸ್ಯತ್ವ, ಸಮಯ, ಅಲ್ಲಿಗೆ ಹೋಗಿ ಬರುವ ಪ್ರಯಾಣ ಎಲ್ಲ ಕೂಡಿದರೆ ಮನೆಯ ವ್ಯಾಯಾಮಕ್ಕೆ ಇದು ಸಾಟಿಯಲ್ಲ. ಒದ್ದೆ ಟೈಲ್ಸ್ ಮೇಲೆ ಜಾರುವ ಭಯ ಬೇರೆ. ನಿಂತಲ್ಲೇ ತುಳಿಯುವ ಸೈಕಲ್ ಮನೆಯಲ್ಲಿದ್ದರೆ, ಅಂದರೆ ಅದರ ಮೇಲೆ ಬಟ್ಟೆ ಒಣಗಿಸುತ್ತಿಲ್ಲವಾದರೆ, ಅದನ್ನು ಬಳಸಿ. ಸೀಟು ಎತ್ತರ ಇರಲಿ. ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪ ಮಾತ್ರ ಮಡಚಿರಬೇಕು.

ಯೋಗ ಒಳ್ಳೆಯದು, ವಜ್ರಾಸನ ಸದ್ಯಕ್ಕೆ ಬೇಡ

ಯೋಗದ ವಿಷಯದಲ್ಲಿ ಕನ್ನಡಿಗರಿಗೆ ಹೆಮ್ಮೆ ಪಡಲು ಕಾರಣವೂ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಬಂದು ಅಲ್ಲಿಯೇ ನೆಲೆಸಿದರು. ಕುರ್ಚಿ, ಬೆಲ್ಟ್, ಮರದ ಇಟ್ಟಿಗೆ, ದಿಂಬು ಇಟ್ಟುಕೊಂಡು ಆಸನ ಮಾಡಿಸುವ ಅವರ ಪದ್ಧತಿ ನೋವಿರುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಹತ್ತಿರದಲ್ಲಿ ಆ ಪದ್ಧತಿಯ ಶಿಕ್ಷಕರಿದ್ದರೆ ಹೋಗಿ, ಮಂಡಿನೋವು ಅಂತ ಮೊದಲೇ ಹೇಳಿ.

ಗುಂಪಿನ ಕ್ಲಾಸಿನಲ್ಲಿ ಮೂವತ್ತು ಜನರ ನಡುವೆ ಎಲ್ಲರೂ ವಜ್ರಾಸನ ಅಂದರೆ ನೀವು ಕೂರಬೇಡಿ. ವಜ್ರಾಸನ, ಪದ್ಮಾಸನ, ಮಲಾಸನ ಮೂರೂ ಮಂಡಿಯನ್ನು ಪೂರ್ತಿ ಮಡಚುತ್ತವೆ ಇಲ್ಲವೇ ತಿರುಚುತ್ತವೆ. ಊಟ ಆದ ಮೇಲೆ ವಜ್ರಾಸನ ಹಾಕಿದರೆ ಜೀರ್ಣ ಆಗುತ್ತೆ ಅಂತ ನೋವು ನುಂಗಿಕೊಂಡು ಕೂರುವ ಹಿರಿಯರನ್ನು ನೋಡಿದರೆ ಬೇಸರವಾಗುತ್ತದೆ. ತಾಡಾಸನದಲ್ಲಿ ಮಂಡಿಚಿಪ್ಪನ್ನು ಮೇಲಕ್ಕೆ ಎಳೆದು ನಿಲ್ಲುವುದು, ಮಲಗಿ ಪಾದಕ್ಕೆ ಪಂಚೆಯನ್ನೋ ದುಪ್ಪಟ್ಟಾವನ್ನೋ ಸಿಕ್ಕಿಸಿ ಕಾಲನ್ನು ನೇರ ಎತ್ತಿ ತೊಡೆಯ ಹಿಂಭಾಗವನ್ನು ಎಳೆಯುವುದು, ಇವೆರಡು ಮನೆಯಲ್ಲೇ ನಿರಾತಂಕ.

ಯೋಗವೋ ಕುರ್ಚಿಯೋ ಅಂದರೆ, ಬಿಗಿತ ಜಾಸ್ತಿ ಇದ್ದವರಿಗೆ ಯೋಗ, ಬಲ ಕಡಿಮೆ ಇದ್ದವರಿಗೆ ಕುರ್ಚಿ. ಆದರೆ ಕ್ಲಾಸಿಗೆ ಹೋದರೆ ನಾಲ್ಕು ಜನ ಸಿಗುತ್ತಾರೆ, ಮನೆಯಲ್ಲಿ ಒಂಟಿಯಾಗಿ ಮಾಡಲು ಬೇಸರ ಅನ್ನುವವರಿಗೆ ಯೋಗವೇ ಸರಿ. ಬೇಸರ ಬಂದು ಬಿಟ್ಟುಬಿಟ್ಟ ವ್ಯಾಯಾಮ ಎಷ್ಟು ಶಾಸ್ತ್ರೀಯವಾಗಿದ್ದರೂ ಉಪಯೋಗವಿಲ್ಲ.

ಫಿಸಿಯೋ, ಬೆಲ್ಟ್, ಮಾತ್ರೆ

ಫಿಸಿಯೋಥೆರಪಿಸ್ಟ್ ಹತ್ತಿರ ತಿಂಗಳುಗಟ್ಟಲೆ ಹೋಗಬೇಕಾಗಿಲ್ಲ. ಎರಡು ಮೂರು ಸಲ ಹೋಗಿ ನಿಮ್ಮ ನಡಿಗೆ, ನೀವು ಏಳುವ ರೀತಿ ತೋರಿಸಿ, ಕ್ರಮ ಕಲಿತು, ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ. ಬರೀ ಯಂತ್ರದ ಶಾಖ ಕೊಟ್ಟು ಕಳಿಸುತ್ತಿದ್ದರೆ, ಒಂದೂ ವ್ಯಾಯಾಮ ಕಲಿಸದಿದ್ದರೆ ಬೇರೆ ಕಡೆ ನೋಡಿ. ಖಾಸಗಿ ಕ್ಲಿನಿಕ್ ದುಬಾರಿ ಅನಿಸಿದರೆ ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗಗಳಿವೆ. ಹಾಜಿ ಅಲಿ ಹತ್ತಿರ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆಯೂ ಇದೆ. ಕ್ಯೂ ಇರುತ್ತದೆ, ಅರ್ಧ ದಿನ ಕೈಯಲ್ಲಿಟ್ಟುಕೊಂಡು ಹೋಗಿ.

ಮಂಡಿಗೆ ಹಾಕುವ ಬೆಲ್ಟ್ ಪ್ರಯಾಣದ ದಿನ ಧೈರ್ಯ ಕೊಡುತ್ತದೆ, ತೊಡೆಗೆ ಬಲ ಕೊಡುವುದಿಲ್ಲ. ಎಣ್ಣೆ ತಿಕ್ಕಿದರೆ ಹಿತ, ತಿಕ್ಕಿಸಿಕೊಳ್ಳಿ, ಆದರೆ ಅದರ ಹಿಂದೆಯೇ ಕುರ್ಚಿಗೆ ಬನ್ನಿ. ಬಿಗಿತಕ್ಕೆ ಬಿಸಿ, ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸು. ಸಾವಿರಗಟ್ಟಲೆ ಸುರಿಯುವ ಗ್ಲುಕೋಸಮೈನ್ ಮಾತ್ರೆಗಳ ಬಗ್ಗೆ ಹೇಳುವುದಾದರೆ, ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಅವು ಬೇಡ ಎಂದೇ ಒತ್ತಿ ಹೇಳಿದೆ. ವ್ಯಾಯಾಮ, ತೂಕ ಇಳಿಸುವುದು, ಕೋಲು, ಇವುಗಳನ್ನು ಅದೇ ಪಟ್ಟಿಯಲ್ಲಿ ಬಲವಾಗಿ ಸಮರ್ಥಿಸಿದೆ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನವರನ್ನು ಕೇಳಿ ನುಂಗಬೇಡಿ, ಬಿಪಿ, ಕಿಡ್ನಿ ತೊಂದರೆ ಇದ್ದವರಂತೂ ಖಂಡಿತ ಬೇಡ.

ಆಪರೇಷನ್ ಹೇಳಿದ್ದಾರೆ ಅನ್ನುವವರು ಕೂಡ ಈ ವ್ಯಾಯಾಮ ಬಿಡುವ ಹಾಗಿಲ್ಲ. ಆಪರೇಷನ್ ಆದ ಮರುದಿನದಿಂದಲೇ ಇದೇ ಕಾಲೆತ್ತುವುದು, ಇದೇ ಕೂತು ಏಳುವುದು ಮಾಡಿಸುತ್ತಾರೆ. ಮೊದಲೇ ಕಲಿತಿದ್ದರೆ ಸುಲಭ.

ಎಷ್ಟು ನೋವು ಸರಿ?

ಸ್ವಲ್ಪವೂ ನೋಯಬಾರದು ಅಂದರೆ ಯಾರೂ ವ್ಯಾಯಾಮ ಮಾಡಲಾರರು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವಿಗೆ ಅಂಕ ಕೊಡಿ. 2013ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾಗಿ ಬೇರೆ ದೇಶಗಳಿಗೂ ಹರಡಿದ ಗ್ಲಾಡ್ ಎಂಬ ಮಂಡಿ ವ್ಯಾಯಾಮದ ಕಾರ್ಯಕ್ರಮದಲ್ಲಿ ಐದರ ತನಕ ಪರವಾಗಿಲ್ಲ ಎನ್ನುತ್ತಾರೆ. ಮರುದಿನದ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು, ಅಷ್ಟೇ ಷರತ್ತು. ಇಳಿಯದಿದ್ದರೆ ವ್ಯಾಯಾಮ ಬಿಡಬೇಕಿಲ್ಲ, ಎಣಿಕೆ ಅರ್ಧ ಮಾಡಿ ಇಲ್ಲವೇ ಕುರ್ಚಿಗೆ ಇನ್ನೊಂದು ದಿಂಬು ಹಾಕಿ. ತೊಡೆಯ ಉರಿ ಒಳ್ಳೆಯದು, ಕೀಲಿನೊಳಗೆ ಚುಳ್ ಅನ್ನುವ ಚುಚ್ಚು ಒಳ್ಳೆಯದಲ್ಲ. ಮಂಡಿ ಊದಿದರೆ ಎರಡು ದಿನ ಹಾಸಿಗೆಯ ವ್ಯಾಯಾಮಕ್ಕೆ ವಾಪಸ್ ಹೋಗಿ.

ಭಾರ ಕಟ್ಟಿಕೊಂಡು ಜಿಮ್ಮಿನಲ್ಲಿ ಮಾಡಿದರೆ ಬೇಗ ಗುಣ ಅಂತ ಮಕ್ಕಳು ಹೇಳಬಹುದು. 2021ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಹದಿನೆಂಟು ತಿಂಗಳ ನಂತರ ಹೆಚ್ಚು ಭಾರದವರಿಗೂ ಕಡಿಮೆ ಭಾರದವರಿಗೂ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆರೆಂಟು ವಾರ ಬಿಡದೆ ಮಾಡಿ, ಆಮೇಲೆ ತೀರ್ಮಾನಿಸಿ. ಚೆನ್ನಾಗಿ ಆದ ಮೇಲೂ ವಾರಕ್ಕೆ ಎರಡು ದಿನ ಇರಲಿ, ಪೂರ್ತಿ ಬಿಟ್ಟರೆ ಗಳಿಸಿದ ಬಲ ಕರಗುತ್ತದೆ.

ನೆಲದ ಮೇಲೆ ಕೂರುವ ಪ್ರಶ್ನೆ ಗಣಪತಿ ಹಬ್ಬ, ನವರಾತ್ರಿಯ ಭಜನೆ ಬಂದಾಗ ಏಳುತ್ತದೆ. ಸಂಘದ ಹಾಲ್‌ನಲ್ಲಿ ಎಲ್ಲರೂ ಕೆಳಗೆ ಕೂತಿರುವಾಗ ಕುರ್ಚಿ ಕೇಳಲು ಸಂಕೋಚ. ಚಕ್ಕಳಬಕ್ಕಳ ಹಾಕಿ ಎರಡು ಗಂಟೆ ಕೂರುವುದಕ್ಕಿಂತ ಕುರ್ಚಿ ಕೇಳಿ. ಕೆಳಗೇ ಕೂರಬೇಕು ಅಂದರೆ ಗೋಡೆಯ ಪಕ್ಕ ಜಾಗ ಹಿಡಿಯಿರಿ, ಅಡಿಗೆ ದಪ್ಪ ದಿಂಬು ಹಾಕಿ, ಇಪ್ಪತ್ತು ನಿಮಿಷಕ್ಕೊಮ್ಮೆ ಕಾಲು ಚಾಚಿ. ಏಳುವಾಗ ನೇರ ಏಳಬೇಡಿ. ಪಕ್ಕಕ್ಕೆ ತಿರುಗಿ, ಕೈ ಊರಿ ಮಂಡಿಗಾಲಿಗೆ ಬಂದು, ಒಳ್ಳೆಯ ಕಾಲಿನ ಪಾದವನ್ನು ಮುಂದೆ ಊರಿ, ಗೋಡೆಯನ್ನೋ ಪಕ್ಕದವರ ಹೆಗಲನ್ನೋ ಹಿಡಿದು ಏಳಿ. ಮಂಡಿಯ ಕೆಳಗೆ ಆ ದಿಂಬನ್ನೇ ಇಟ್ಟುಕೊಂಡರೆ ಲಾದಿಯ ಗಟ್ಟಿ ತಾಗುವುದಿಲ್ಲ.